ರೇಡಿಯಂ ಸೂಜಿಗಳ ಬೆನ್ನು ಹತ್ತಿ

ಗುರುವಾರ ಸಂಜೆ ಸೂಜಿಗಳ ಎಣಿಕೆಗೆ ವಾರ್ಡಿಗೆ ಹೋದಾಗ ಹನ್ನೊಂದನೆಯ ಹಾಸಿಗೆ ಖಾಲಿ ಇತ್ತು. ಪಾಯಖಾನೆಗೆ ಹೋಗಿರಬೇಕೆಂದು ಹತ್ತು ನಿಮಿಷ ನಿಂತೆ. ಆಮೇಲೆ ಹಾಸಿಗೆಯ ಕೆಳಗಿನ ಟ್ರಂಕೂ ಇಲ್ಲದ್ದು ಕಾಣಿಸಿತು. ನೆಲದ ಮೇಲೆ ನಾನೇ ಸೀಮೆಸುಣ್ಣದಿಂದ ಎಳೆದಿದ್ದ ಗೆರೆ ಮಾತ್ರ ಹಾಗೇ ಇತ್ತು.

ನಾನು ಆಗ ದೊಡ್ಡ ಆಸ್ಪತ್ರೆಯೊಂದರಲ್ಲಿ ಕಿರಿಯ ವೈದ್ಯ. ಊರಿನ ಹೆಸರು ಬೇಡ. ನಮ್ಮ ಜಮಖಂಡಿಯಿಂದ ಬಸ್ಸು, ಆಮೇಲೆ ಕುಡಚಿಯಲ್ಲಿ ರೈಲು ಹಿಡಿದರೆ ಒಂದು ದಿನದ ಹಾದಿ. ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಸೇರಿ ಮೂರ್ನಾಲ್ಕು ವರ್ಷ ಆಗಿತ್ತು. ಆಸ್ಪತ್ರೆಯಲ್ಲಿ ಸ್ವಲ್ಪ ರೇಡಿಯಂ ಇತ್ತು. ಅದರ ದಫ್ತರ, ಸೀಸದ ಪೆಟ್ಟಿಗೆಯ ಬೀಗ, ದಿನಕ್ಕೆರಡು ಸಲದ ಎಣಿಕೆ, ಎಲ್ಲ ನನ್ನ ಪಾಲಿಗೆ ಬಂದಿದ್ದವು.

ಹನ್ನೊಂದನೆಯ ಹಾಸಿಗೆಯ ರೋಗಿ ಬನಹಟ್ಟಿಯ ಕನ್ನಡ ಶಾಲೆಯ ಮಾಸ್ತರರು. ವಯಸ್ಸು ಮೂವತ್ತೈದರ ಸುಮಾರು. ಎಡಗೈ ಬೆರಳು ತಾವಾಗಿಯೇ ನಡುಗುವುದು, ಆಮೇಲೆ ಮೂರ್ಛೆ, ಬೆಳಗಿನ ಜಾವ ತಲೆನೋವು ಮತ್ತು ವಾಂತಿ. ಮೆದುಳಿನ ಬಲಭಾಗದಲ್ಲಿ ಗಡ್ಡೆ. ನಮ್ಮ ಹಿರಿಯ ಸರ್ಜನ್ ತಲೆಬುರುಡೆ ತೆರೆದು ತೆಗೆಯಬಹುದಾದಷ್ಟನ್ನು ತೆಗೆದಿದ್ದರು. ಉಳಿದದ್ದು ಹೊಲದ ಕರಿಕೆಯ ಬೇರಿನಂತೆ ಒಳ್ಳೆಯ ಮೆದುಳಿನಲ್ಲಿ ಹಬ್ಬಿತ್ತು. ಅದಕ್ಕೆ ಕತ್ತಿ ನಡೆಯುವುದಿಲ್ಲ. ಮೂರು ವಾರ ಗಾಯ ಮಾಯಲು ಬಿಟ್ಟು, ಅದೇ ಎಲುಬಿನ ಕಿಂಡಿಯಿಂದ ಮೂರು ರೇಡಿಯಂ ಸೂಜಿಗಳನ್ನು ಒಳಗೆ ಇಳಿಸಿದೆವು. ಸೂಜಿ ಎಂದರೆ ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಪ್ಲಾಟಿನಂ ನಳಿಗೆ. ಒಳಗೆ ರೇಡಿಯಂ, ತುದಿಯ ಕಣ್ಣಿನಲ್ಲಿ ರೇಶಿಮೆ ದಾರ. ಒಂದಕ್ಕೆ ಕೆಂಪು ದಾರ, ಒಂದಕ್ಕೆ ಹಸಿರು, ಮತ್ತೊಂದಕ್ಕೆ ಬಿಳಿ. ದಾರಗಳನ್ನು ಹೊರಗೆ ತಂದು ನೆತ್ತಿಯ ಚರ್ಮಕ್ಕೆ ಹೊಲಿದು, ಮೇಲೆ ಪಟ್ಟಿ ಕಟ್ಟಿದೆವು. ಸೋಮವಾರ ಸಂಜೆ ನಾಲ್ಕಕ್ಕೆ ಹಾಕಿದ್ದು ಮುಂದಿನ ಸೋಮವಾರ ಸಂಜೆ ನಾಲ್ಕಕ್ಕೆ ಹೊರಗೆ ಬರಬೇಕು. ಬೇಗ ತೆಗೆದರೆ ಗಡ್ಡೆ ಉಳಿಯುತ್ತದೆ. ತಡವಾದರೆ ಪಕ್ಕದ ಒಳ್ಳೆಯ ಮೆದುಳು ಸುಡುತ್ತದೆ.

ಅಂಥ ಮೂರು ಸೂಜಿಗಳನ್ನು ತಲೆಯಲ್ಲಿ ಇಟ್ಟುಕೊಂಡು ಮಾಸ್ತರರು, ರೋಗಿಗಳನ್ನು ಕಾಣಲು ಜನ ಬಂದುಹೋಗುವ ಹೊತ್ತಿನಲ್ಲಿ, ರುಮಾಲು ಸುತ್ತಿಕೊಂಡು ಅವರ ಜೊತೆಗೇ ಹೊರಗೆ ನಡೆದುಬಿಟ್ಟಿದ್ದರು.

ಸರ್ಜನ್ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ನೀನು ಆ ಕಡೆಯವನು, ಭಾಷೆ ಬರುತ್ತದೆ. ಬೆಳಿಗ್ಗೆ ಹೊರಡು. ಅವನನ್ನು ಕರೆದುಕೊಂಡು ಬಾ. ದಾರಕ್ಕೆ ಕೈ ಹಚ್ಚಬೇಡ” ಎಂದು ಮರಾಠಿಯಲ್ಲಿ ಹೇಳಿ ಎದ್ದು ಹೋದರು. ಸೂಜಿಯೇನಾದರೂ ಕಳಚಿ ಬಿದ್ದಿದ್ದರೆ ಇಡಲು ಸೀಸದ ಡಬ್ಬಿ, ಉದ್ದನೆಯ ಚಿಮಟ, ಕತ್ತರಿ, ಸ್ಪಿರಿಟ್ಟು, ಹತ್ತಿ ಕೊಟ್ಟರು. ಡಬ್ಬಿ ನೋಡಲು ಒಂದು ಸೇರಿನ ಗಾತ್ರ, ಎತ್ತಿದರೆ ತೋಳು ಕಳಚುವಷ್ಟು ಭಾರ.

ಶುಕ್ರವಾರ ಕುಡಚಿಯಲ್ಲಿ ಇಳಿದೆ. ಬಸ್ಸಿನ ಕಂಡಕ್ಟರು ನನ್ನ ಚೀಲ ಎತ್ತಿ ನೋಡಿ ಮೇಲಿಡಲು ಒಪ್ಪಲಿಲ್ಲ. “ಏನ್ರಿ ಇದು, ರುಬ್ಬು ಗುಂಡೇನು? ಮಂದಿ ತಲಿ ಮ್ಯಾಲ ಬಿದ್ರ ಯಾರು ಹೊಣಿ?” ಅದನ್ನು ತೊಡೆಯ ಮೇಲಿಟ್ಟುಕೊಂಡೇ ತೇರದಾಳ, ರಬಕವಿ ದಾಟಿ ಬನಹಟ್ಟಿ ಮುಟ್ಟಿದಾಗ ನಾಲ್ಕು ಗಂಟೆ. ಶಾಲೆ ಬಿಡುವ ಹೊತ್ತು. ಓಣಿಯ ಎರಡೂ ಕಡೆ ಮಗ್ಗಗಳ ಸದ್ದಿನಲ್ಲಿ ಹೆಡ್‌ಮಾಸ್ತರರಿಗೆ ನನ್ನ ಮಾತು ಎರಡು ಸಲ ಹೇಳಬೇಕಾಯಿತು.

“ಬಂದಿದ್ರಲ್ರಿ,” ಎಂದರು ಅವರು. “ಇವತ್ತು ಮುಂಜಾನೆನ ಬಂದ್ರು. ಮಸ್ಟರಿಗೆ ಸಹಿ ಮಾಡಿದ್ರು. ನಾಕನೇ ಇಯತ್ತೆಗೆ ಒಂದು ತಾಸು ಪಾಠ ಹೇಳಿದ್ರು. ನನಗ ಅವರ ಮುಖ ನೋಡಿ ಸಂಶಯ ಬಂತು. ರಜಾ ಇನ್ನೂ ಐತಿ, ಯಾಕ ಬಂದೀರಿ, ಮನಿಗೆ ಹೋಗ್ರಿ ಅಂದೆ. ಮಧ್ಯಾಹ್ನದ ಗಾಡಿಗೆ ಹೆಂಡತಿ ಮಕ್ಕಳನ್ನ ಕರಕೊಂಡು ಮುಧೋಳಕ್ಕ ಹೋದ್ರು. ಅಲ್ಲಿ ಅವರ ತಮ್ಮ ರಸ್ತೆ ಕೆಲಸಕ್ಕ ಇದ್ದಾನ.”

ನಾನು ನಾಲ್ಕು ತಾಸು ತಡವಾಗಿದ್ದೆ. ಆ ನಾಲ್ಕನೇ ಇಯತ್ತೆಯ ಕೋಣೆಗೆ ಹೋಗಿ ನೋಡಿದೆ. ಮೇಜಿಗೂ ಮಕ್ಕಳ ಮೊದಲ ಸಾಲಿಗೂ ನಡುವೆ ಎರಡು ಮಾರು ಅಂತರ ಇತ್ತು. ಒಂದು ತಾಸಿಗೆ ಅಷ್ಟು ದೂರದಲ್ಲಿ ಹೆದರುವಂಥದ್ದಿಲ್ಲ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಮನೆಯಲ್ಲಿ ಅವರ ಮಕ್ಕಳು ಎರಡು ಮಾರು ದೂರ ಕೂಡುವುದಿಲ್ಲ ಎಂಬುದೂ ಆಗಲೇ ಹೊಳೆಯಿತು.

ಆ ಹೊತ್ತಿಗೆ ಮುಧೋಳಕ್ಕೆ ಬಸ್ಸು ಇರಲಿಲ್ಲ. ಜಮಖಂಡಿಗೆ ಹೋಗಿ ನಮ್ಮ ಮನೆಯಲ್ಲೇ ಉಳಿದೆ. ಅಜ್ಜನ ಕಾಲಕ್ಕೆ ಪೌರೋಹಿತ್ಯ, ಅಪ್ಪನ ಕಾಲಕ್ಕೆ ಸಂಸ್ಥಾನದ ಕಚೇರಿಯ ನೌಕರಿ ಇದ್ದ ಮನೆ ಅದು. ಅವ್ವ ಊಟಕ್ಕೆ ಬಡಿಸುತ್ತ, “ಯಾರನ್ನ ಹುಡುಕಾಕ ಬಂದೀಯೋ?” ಎಂದಳು. “ಒಬ್ಬ ಮಾಸ್ತರನ್ನ” ಎಂದೆ. “ಯಾರ ಪೈಕಿ?” ಎಂದಳು. ಗೊತ್ತಿಲ್ಲ ಎಂದೆ. ಗೊತ್ತಿತ್ತು. ಕೇಸ್‌ಪೇಪರಿನಲ್ಲಿ ಅದಕ್ಕೊಂದು ಕಾಲಮ್ಮೇ ಇರುತ್ತಿತ್ತು. ಮಾಸ್ತರರು ಊರ ಹೊರಗಿನ ಕೇರಿಯವರು.

ಶನಿವಾರ ಮುಧೋಳದಲ್ಲಿ ನಾನು ಮಾಡಿದ ತಪ್ಪು ಎರಡು ದಿನ ತಿಂದಿತು. ಮಾಸ್ತರರ ತಮ್ಮ ಊರಾಚೆ ಘಟಪ್ರಭೆಯ ಕಡೆ ರಸ್ತೆಗೆ ಕಡಿ ಹಾಕುವ ಗುಂಪಿನಲ್ಲಿ ಸಿಕ್ಕ. ಬಿಸಿಲು, ತೋಳಿನ ನೋವು, ಸಿಟ್ಟು ಎಲ್ಲ ಕೂಡಿ ನಾನು ನೇರವಾಗಿ, “ನಿಮ್ಮಣ್ಣ ಎಲ್ಲಿದ್ದಾನ? ಆಸ್ಪತ್ರೆಯ ಕಿಮ್ಮತ್ತಿನ ಸಾಮಾನು ಅವನ ಹತ್ರ ಅದ” ಎಂದುಬಿಟ್ಟೆ.

ಅವನು ಬುಟ್ಟಿ ಕೆಳಗಿಟ್ಟ. ಸುತ್ತ ಕೆಲಸ ಮಾಡುತ್ತಿದ್ದವರೂ ನಿಂತರು. “ನಮ್ಮಣ್ಣ ಕಳ್ಳ ಅಲ್ರಿ” ಎಂದ.

“ಕಳವು ಅಂತ ನಾ ಅಂದಿಲ್ಲ. ಅದು ಅವನ ತಲ್ಯಾಗ…”

“ಸಾಮಾನು ಅಂದ್ರಿ. ನಾ ಕೇಳಿಸಿಕೊಂಡೆ.” ಸ್ವಲ್ಪ ಹೊತ್ತು ನನ್ನ ಬೂಟು, ನನ್ನ ಚೀಲ ನೋಡಿದ. ಆಮೇಲೆ ಬಹಳ ಶಾಂತವಾಗಿ, “ತೇರದಾಳಕ್ಕ ಹೋಗ್ಯಾನ್ರಿ. ಅವನ ಮಾವನ ಮನಿಗೆ” ಎಂದ.

ತೇರದಾಳ ನಾನು ಹಿಂದಿನ ದಿನವೇ ದಾಟಿ ಬಂದಿದ್ದ ಊರು. ಮತ್ತೆ ಪಶ್ಚಿಮಕ್ಕೆ ಹೊರಟೆ. ಮಹಾಲಿಂಗಪುರದಲ್ಲಿ ಬಸ್ಸು ಕೆಟ್ಟು ನಿಂತಿತು. ಬೆಲ್ಲದ ಪೆಂಟೆಗಳ ನಡುವೆ, ನೊಣಗಳ ನಡುವೆ ಸಂಜೆಯ ತನಕ ಕೂತೆ. ಮೆಕ್ಯಾನಿಕ್ಕು ಜಮಖಂಡಿಯಿಂದ ಬರಬೇಕು ಎಂದರು. ಬರಲಿಲ್ಲ. ಇಡೀ ಮುಂಬಯಿ ಪ್ರಾಂತದಲ್ಲಿ ನನ್ನ ಗಡಿಯಾರ ಒಂದೇ ಓಡುತ್ತಿದೆ ಎನಿಸಿತು. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆಯೇ ಮಲಗಿ, ರವಿವಾರ ಬೆಳಿಗ್ಗೆ ತೇರದಾಳ ಮುಟ್ಟಿದೆ.

ಮಾವ ಮುದುಕ. ಚಪ್ಪಲಿ ಹೊಲಿಯುತ್ತ ಕೂತಿದ್ದ. ಈ ಸಲ ನಾನು ಬಾಯಿ ತೆರೆಯುವ ಮೊದಲು ನಿಂತು ಯೋಚಿಸಿದೆ. “ಯಜಮಾನ್ರ, ನಾ ನಿಮ್ಮ ಅಳಿಯಂದಿರಿಗೆ ಔಷಧ ಮಾಡೂ ಡಾಕ್ಟರ. ಅವರ ತಲ್ಯಾಗ ಔಷಧದ ಸೂಜಿ ಇಟ್ಟೇವಿ. ನಾಳೆ ಸಂಜಿಕಿ ಅವನ್ನ ತಗೀಬೇಕು. ತಗೀಲಿಲ್ಲಂದ್ರ ಅವರಿಗೆ ಕೆಟ್ಟದಾಗತದ” ಎಂದೆ.

ಮುದುಕ ಕೈ ನಿಲ್ಲಿಸಿದ. “ನನ್ನ ಮಗಳೂ ಅಳಿಯನೂ ಇಲ್ಲಿ ಬಂದಿಲ್ರೆಪ. ಅವನಿಗೆ ಏನರೆ ಸಂಕಟ ಆದ್ರ ತಾಯಿ ಹತ್ರ ಹೋಗತಾನ. ಬೀಳಗಿಗೆ. ತಮ್ಮಗ ಗೊತ್ತಿಲ್ಲದ ಇರತೈತೇನು?” ಎಂದ.

ಬೀಳಗಿ ಅಲ್ಲಿಂದ ಸರಿಯಾಗಿ ಎದುರು ದಿಕ್ಕು. ರವಿವಾರ ಸಂಜೆಗೆ ಮತ್ತೆ ಜಮಖಂಡಿ, ಸೋಮವಾರ ಮೊದಲ ಬಸ್ಸಿಗೆ ಬೀಳಗಿ. ಕೇರಿ ಹುಡುಕಿ, ಮಾಸ್ತರರ ತಾಯಿಯ ಮನೆ ಹುಡುಕಿ ಮುಟ್ಟಿದಾಗ ಗಡಿಯಾರದಲ್ಲಿ ಹನ್ನೆರಡು ದಾಟಿತ್ತು.

ಅಂಗಳದ ಬೇವಿನ ನೆರಳಿನಲ್ಲಿ ಅವರು ತಾಯಿಯ ತೊಡೆಯ ಮೇಲೆ ತಲೆ ಇಟ್ಟು ಮಲಗಿದ್ದರು. ಮುದುಕಿ ಪಟ್ಟಿಯ ಮೇಲಿನಿಂದಲೇ ಹಣೆ ಒತ್ತುತ್ತಿದ್ದಳು. ಚಿಕ್ಕ ಮಗಳು ಅವರ ಎದೆಗೆ ಒರಗಿ ಕೂತಿದ್ದಳು. ನಾಲ್ಕು ದಿನದಿಂದ ಹುಡುಕಿದ ಮನುಷ್ಯನನ್ನು ಕಂಡಾಗ ನನ್ನ ಬಾಯಿಂದ ಬಂದ ಮೊದಲ ಮಾತು, “ಏ ಅವ್ವಾ, ದೂರ ಸರಿ! ಆ ಹುಡುಗೀನ್ನ ದೂರ ತಗೀ!”

ಮಾಸ್ತರರು ಎದ್ದು ಕೂತರು. ಮಗಳನ್ನು ಬಿಡಲಿಲ್ಲ, ಇನ್ನಷ್ಟು ಹತ್ತಿರ ಎಳೆದುಕೊಂಡರು.

“ಇಲ್ಲಿಗೂ ಬಂದ್ರ್ಯಾ, ಗೆರಿ ಎಳಿಯಾಕ?” ಎಂದರು.

ಆ ಕ್ಷಣದವರೆಗೆ, ಖರೆ ಹೇಳುತ್ತೇನೆ, ಅವರು ಯಾಕೆ ಓಡಿ ಬಂದರೆಂದು ನಾನು ವಿಚಾರವನ್ನೇ ಮಾಡಿರಲಿಲ್ಲ. ಹೆದರಿರಬೇಕು, ತಿಳಿಯದ ಮಂದಿ ಎಂದುಕೊಂಡಿದ್ದೆ.

“ಮೂರು ವಾರ ನಿಮ್ಮ ದವಾಖಾನ್ಯಾಗ ಇದ್ದೆ,” ಎಂದರು ಅವರು. ದನಿ ಏರಿರಲಿಲ್ಲ. “ಎಲ್ಲಾರೂ ಛಲೋ ನೋಡಿಕೊಂಡ್ರಿ. ಸೂಜಿ ಹಾಕೂ ದಿನ ಬ್ಯಾರೆ ವಾರ್ಡಿಗೆ ಕಳಿಸಿದ್ರಿ. ಅಲ್ಲಿ ಕಾರಕೂನ ಹೊಸಾ ಕಾಗದಾ ತಗದು ಮತ್ತ ಜಾತಿ ಕೇಳಿದಾ. ಹೇಳಿದೆ. ಅವತ್ತ ಸಂಜಿಕಿ ನೀವು ಬಂದು ನನ್ನ ಹಾಸಿಗಿ ಸುತ್ತ ಗೆರಿ ಎಳದ್ರಿ. ಗಂಗಾಳಾ ಹಲಗಿ ಮ್ಯಾಲ ಇಟ್ಟು ಕೋಲಿನಿಂದ ದೂಡಾಕ ಹತ್ತಿದ್ರು. ಎದುರಿನ ಹಾಸಿಗಿ ಸಾವಕಾರಗ ಗೆರಿ ಇಲ್ಲ, ಕೋಲಿಲ್ಲ. ಕೈಯಾಗ ಚಹಾ ಕೊಡತಾರ. ನಾ ಮೂರು ದಿನ ಕಾದು ನೋಡಿದೆ, ಯಾರರೆ ಏನರೆ ಹೇಳತಾರೇನು ಅಂತ.”

“ಸರ್ಜನ್ ಸಾಹೇಬರು ಹೇಳಿದ್ರಲ್ಲ, ಯಾರೂ ಸಮೀಪ ಬರಬಾರದು ಅಂತ…”

“ಮರಾಠಿಯೊಳಗ ಹೇಳಿದ್ರು. ತಿಳೀತು. ಸಮೀಪ ಬರಬಾರದು ಅಂತ ನಮಗ ಹೇಳೂದು ಹೊಸಾದೇನ್ರಿ? ಯಾಕಂತ ಹೇಳಲಿಲ್ಲ.”

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಸೀಸದ ಡಬ್ಬಿಯ ಚೀಲವನ್ನು ನೆಲಕ್ಕೆ ಕುಕ್ಕಿ ಅಲ್ಲೇ ಮಣ್ಣಿನಲ್ಲಿ ಕೂತೆ. ಎರಡೂ ಕೈ ಅವರ ಕಡೆ ಚಾಚಿ ಬೆರಳು ತೋರಿಸಿದೆ. ಎರಡು ವರ್ಷ ಸೂಜಿಗಳಿಗೆ ದಾರ ಪೋಣಿಸಿ ನನ್ನ ಹೆಬ್ಬೆರಳಿನ ಉಗುರು ಸೀಳಿತ್ತು, ತುದಿಯ ಚರ್ಮ ಕಾಗದದಂತೆ ಒಣಗಿ ಬಿರಿದಿತ್ತು.

“ಇದು ಆ ಸೂಜಿ ಮಾಡಿದ್ದು,” ಎಂದೆ. “ಮಾಸ್ತರ, ಆ ಸೂಜಿ ಒಂದು ಒಲಿ ಇದ್ದಂಗ. ಉರಿ ಕಾಣೂದಿಲ್ಲ, ಬಿಸಿ ಹತ್ತೂದಿಲ್ಲ. ಆದ್ರ ಸುಡತದ. ಗಡ್ಡಿ ಸುಡಲಿ ಅಂತ ಇಟ್ಟೇವಿ. ಹತ್ರ ಇದ್ದವರನ್ನೂ ಅದು ಬಿಡೂದಿಲ್ಲ. ಒಂದು ಮೊಳ ದೂರ ಇದ್ದಾಂವ ಎರಡು ಮೊಳ ದೂರ ಸರಿದ್ರ ಅದರ ಜೋರು ಅರ್ಧ ಅಲ್ಲ, ಕಾಲು ಭಾಗ ಆಗತದ. ನಾಕು ಮೊಳ ಆದ್ರ ಹದಿನಾರನೇ ಒಂದು ಭಾಗ. ಅದಕ್ಕ ಆ ಗೆರಿ. ಆ ಸಾವಕಾರರ ಗಲ್ಲದಾಗೂ ಸೂಜಿ ಇದ್ದುವು. ಅವರಿಗೂ ಗೆರಿ ಇತ್ತು, ಕೋಲಿತ್ತು. ನೀವು ಆ ವಾರ್ಡಿಗೆ ಬಂದ ದಿನಾ ಮುಂಜಾನೆ ಅವರ ಸೂಜಿ ತಗದ್ವಿ, ನೆಲಾ ತೊಳದ್ವಿ.”

ಅವರು ಮಗಳನ್ನು ಮೆಲ್ಲಗೆ ತಾಯಿಯ ಕೈಗೆ ಕೊಟ್ಟು, “ಅವ್ವಾ, ಇಕೀನ ಕರಕೊಂಡು ಆ ಗ್ವಾದಲಿ ಕಡೆ ಹೋಗು” ಎಂದರು. ನನ್ನ ಕಡೆ ತಿರುಗಿ, “ಇದನ್ನ ಹೇಳಾಕ ಎಷ್ಟು ಹೊತ್ತು ಹಿಡೀತ್ರಿ ಈಗ?” ಎಂದರು.

“ಐದು ನಿಮಿಷ.”

“ಯಾರು ಹೇಳಬೇಕಾಗಿತ್ತು?”

“ನಾನು,” ಎಂದೆ. “ಅಲ್ಲಿ ಕನ್ನಡ ಬರತಿದ್ದದ್ದು ನನಗೊಬ್ಬನಿಗೇ. ಅವತ್ತು ಇನ್ನೂ ನಾಕು ಮಂದಿದು ಎಣಿಕಿ ಇತ್ತು. ಗೆರಿ ಎಳದು ಹೋದೆ.”

ಅವರು ಸಮಾಧಾನ ಹೇಳಲಿಲ್ಲ, ಹೋಗಲಿ ಬಿಡ್ರಿ ಎನ್ನಲಿಲ್ಲ. ಗಂಟೆ ಎಷ್ಟೆಂದು ಕೇಳಿದರು. ಒಂದೂ ಕಾಲು.

ಈಗ ಲೆಕ್ಕ ಮಾಡಬೇಕಿತ್ತು. ಸಂಜೆಯ ಬಸ್ಸು ಹಿಡಿದರೂ ಆ ರಾತ್ರಿ ಜಮಖಂಡಿಯಲ್ಲೇ ನಿಲ್ಲಬೇಕು. ಆಸ್ಪತ್ರೆ ಮುಟ್ಟುವುದು ಮಂಗಳವಾರ ರಾತ್ರಿಯಾದರೂ ಆದೀತು. ಅಷ್ಟೂ ಹೊತ್ತು ಮೂರು ಸೂಜಿಗಳು ಮೆದುಳಿನಲ್ಲಿ. ದಾರಕ್ಕೆ ಕೈ ಹಚ್ಚಬೇಡ ಎಂಬ ಆಜ್ಞೆ ನನಗೆ ನೆನಪಿತ್ತು. ಊರಿನ ದವಾಖಾನೆಗೆ ಕರೆದೊಯ್ಯೋಣವೆಂದರೆ, ಬರುವಾಗ ನೋಡಿದ್ದೆ, ಅಂದು ಅಲ್ಲಿ ಜಾತ್ರೆಯಷ್ಟು ಮಂದಿ. ಆ ಮಂದಿಯ ನಡುವೆ ರೇಡಿಯಂ ಬಿಚ್ಚುವುದಕ್ಕಿಂತ ಈ ತೆರೆದ ಅಂಗಳವೇ ವಾಸಿ. ನಾನು ವಾರ್ಡಿನಲ್ಲಿ ನಾಲಿಗೆ, ಗಲ್ಲದ ಸೂಜಿಗಳನ್ನು ಎಷ್ಟೋ ಸಲ ತೆಗೆದಿದ್ದೆ. ತಲೆಯದನ್ನು ಒಮ್ಮೆಯೂ ತೆಗೆದಿರಲಿಲ್ಲ. ಅದನ್ನೂ ಅವರಿಗೆ ಹೇಳಿದೆ.

“ಇಲ್ಲೇ ತಗೀರಿ,” ಎಂದರು.

ಚಿಮಟ, ಕತ್ತರಿಗಳನ್ನು ಅವರ ಹೆಂಡತಿ ಬೋಗುಣಿಯಲ್ಲಿ ಅರ್ಧ ತಾಸು ಕುದಿಸಿಕೊಟ್ಟು ದೂರ ಹೋಗಿ ನಿಂತರು. ಯಾರು ಎಲ್ಲಿ ನಿಲ್ಲಬೇಕು ಎಂಬುದನ್ನು ಮಾಸ್ತರರೇ ಹೆಜ್ಜೆ ಅಳೆದು ಗೊತ್ತುಮಾಡಿದರು. ಬೇವಿನ ಬೊಡ್ಡೆಗೆ ಬೆನ್ನು ಹಚ್ಚಿ ಮಣೆಯ ಮೇಲೆ ಕೂತರು. ಪಟ್ಟಿ ಬಿಚ್ಚಿದೆ. ಬೆವರಿಗೆ, ರುಮಾಲಿನ ತಿಕ್ಕಿಗೆ ಗಾಯದ ಅಂಚು ಕೆಂಪಾಗಿತ್ತು. ಮೂರೂ ದಾರ ಇದ್ದವು.

ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಕೆಂಪು ದಾರದ ಹೊಲಿಗೆ ಕತ್ತರಿಸಿದೆ. ಸೂಜಿ ಹೋದ ದಿಕ್ಕಿನಲ್ಲೇ, ಬಾಗಿಸದೆ, ಉಸಿರು ಬಿಡುವಷ್ಟು ಮೆಲ್ಲಗೆ ಎಳೆಯಬೇಕು. ಬಂತು. ಚಿಮಟದಿಂದ ಹಿಡಿದು ಡಬ್ಬಿಯೊಳಗೆ ಬಿಟ್ಟು ಮುಚ್ಚಳ ಹಾಕಿದೆ. ಹಸಿರೂ ಬಂತು. ಆ ಹೊತ್ತಿಗೆ ನನ್ನ ಕೈ ಹಗುರವಾಗಿ, ಈ ನಾಲ್ಕು ದಿನದ ಸಂಕಟಕ್ಕೆ ಇದೇ ಕೊನೆ ಎಂಬ ಧೈರ್ಯ ಬಂದಿತ್ತು.

ಬಿಳಿ ದಾರ ಒಂದು ಜೋಳದ ಕಾಳಿನಷ್ಟು ಸರಿದು ನಿಂತಿತು. ಮತ್ತೊಮ್ಮೆ ಎಳೆದೆ. ದಾರ ಬಿಗಿಯಾಯಿತು, ಸೂಜಿ ಬರಲಿಲ್ಲ. ಒಳಗೆ ಏನೋ ಹಿಡಿದುಕೊಂಡಿತ್ತು. ಅಷ್ಟರಲ್ಲಿ ಅವರ ತೊಡೆಯ ಮೇಲಿದ್ದ ಎಡಗೈಯ ಕಿರುಬೆರಳು ಅಲುಗಾಡತೊಡಗಿತು. ಆಮೇಲೆ ಅದರ ಪಕ್ಕದ್ದು.

“ಕೈ ನಡಗಾಕತ್ತೈತಿ,” ಎಂದರು. “ಎಳದುಬಿಡ್ರಿ. ತಡಕೋತೀನಿ.”

ಎಳೆದುಬಿಡಬೇಕು ಎಂದು ನನಗೂ ಅನಿಸಿತ್ತು. ಮೂರೂ ಸೂಜಿ ಡಬ್ಬಿಯಲ್ಲಿ ಹಾಕಿಕೊಂಡು ಹೋದರೆ ಆಜ್ಞೆ ಮೀರಿದ್ದನ್ನು ಯಾರೂ ಕೇಳುವುದಿಲ್ಲ. ಎರಡು ತಂದು ಒಂದು ಬಿಟ್ಟುಬಂದರೆ ಎರಡೂ ಕಡೆ ತಪ್ಪು. ಸೂಜಿಗೆ ರಕ್ತನಾಳವೇನಾದರೂ ಸುತ್ತಿಕೊಂಡಿದ್ದರೆ ಒಂದು ಜಗ್ಗಿನಲ್ಲಿ ಮುಗಿದುಹೋಗುತ್ತದೆ, ಈ ಅಂಗಳದಲ್ಲೇ, ಆ ತಾಯಿಯ ಕಣ್ಣೆದುರಿಗೆ. ಕೈಬಿಟ್ಟೆ. ಬೆರಳ ನಡುಕ ನಿಲ್ಲುವ ತನಕ ಅವರ ಮಣಿಕಟ್ಟು ಹಿಡಿದು ಕೂತೆ. ದಾರವನ್ನು ಮತ್ತೆ ಚರ್ಮಕ್ಕೆ ಹೊಲಿದು ಹೊಸ ಪಟ್ಟಿ ಕಟ್ಟಿದೆ.

“ಇದನ್ನ ನಾ ತಗಿಯಾಕ ಆಗೂದಿಲ್ಲ ಮಾಸ್ತರ. ದೊಡ್ಡ ಸಾಹೇಬರೇ ತಗೀಬೇಕು. ಬರತೀರೇನು?”

“ಬರದ ಏನ್ ಮಾಡ್ಲಿ,” ಎಂದರು. ಸಿಟ್ಟಿನ ಮಾತಲ್ಲ ಅದು, ದಣಿವಿನದು. ಸಂಜೆಯ ಬಸ್ಸು ಅಷ್ಟರಲ್ಲಿ ಹೋಗಿತ್ತು. ಆ ರಾತ್ರಿ ಅವರು ಮನೆಯವರಿಂದ ದೂರ ಅಂಗಳದ ಆಚೆ ತುದಿಯಲ್ಲಿ ಒಬ್ಬರೇ ಮಲಗಿದರು.

ಮಂಗಳವಾರ ಬೆಳಗಿನ ಬಸ್ಸು ಬಾಗಲಕೋಟೆಯಿಂದ ಮುಂದೆಲ್ಲ ತುಂಬಿಕೊಂಡೇ ಬಂತು, ಹಿಂದಷ್ಟೇ ಜಾಗ ಇತ್ತು. ಹಿಂದಿನ ಉದ್ದ ಬೆಂಚಿನ ಮೂಲೆಯಲ್ಲಿ ಮಾಸ್ತರರನ್ನು ಕೂಡಿಸಿ, ಪಕ್ಕದಲ್ಲಿ ಸೀಸದ ಡಬ್ಬಿ ಇಟ್ಟು, ಅದರಾಚೆ ನಾನು ಕೂತೆ. ಮುಂದಿನ ಊರಿನಲ್ಲಿ ಮಂದಿ ಏರಿದರು. ಹಸುಗೂಸನ್ನು ಎತ್ತಿಕೊಂಡ ಹೆಂಗಸೊಬ್ಬಳು ಮಾಸ್ತರರ ಮುಂದಿನ ಬೆಂಚಿನಲ್ಲಿ, ಅವರ ತಲೆಗೆ ಒಂದೂವರೆ ಮೊಳ ದೂರದಲ್ಲಿ ಕೂತಳು. “ತಂಗೆವ್ವಾ, ಸ್ವಲ್ಪ ಮುಂದ ಹೋಗು. ಇವರಿಗೆ ಆರಾಮಿಲ್ಲ” ಎಂದೆ. “ಮುಂದ ಜಾಗಾ ಎಲ್ಲೈತ್ರಿ?” ಎಂದಳು. ಇಬ್ಬರು ಗಂಡಸರು ಡಬ್ಬಿ ಸರಿಸಿ ನಡುವೆ ಕೂಡಲು ಬಂದರು. ತಲೆಯಲ್ಲಿ ಔಷಧದ ಸೂಜಿ ಇದೆ, ಅದರಿಂದ ಹತ್ತಿರದವರಿಗೆ ಅಪಾಯ ಎಂದು ಹೇಳಿದೆ. ಅವರಲ್ಲೊಬ್ಬ ನಕ್ಕ. “ಸೂಜಿ ಇವನ ತಲ್ಯಾಗ, ಚುಚ್ಚೂದು ನನಗೇನ್ರಿ? ಸರೀರಿ ಅತ್ತಾಗ.” ಕಂಡಕ್ಟರನಿಗೆ ಹೇಳಿದೆ. “ಆರಾಮಿಲ್ಲದವರು ಬಸ್ಸಿಗೆ ಯಾಕ ಬರಬೇಕ್ರಿ” ಎಂದು ಅವನು ಚೀಟಿ ಹರಿಯುವುದರಲ್ಲಿ ತೊಡಗಿದ. ರೇಡಿಯಂ ಎಂಬ ಶಬ್ದ ನಾನು ಎಷ್ಟು ಜೋರಾಗಿ ಹೇಳಿದರೂ ಆ ಬಸ್ಸಿನಲ್ಲಿ ಅದಕ್ಕೆ ಅರ್ಥ ಇರಲಿಲ್ಲ.

ಆಗ ಮಾಸ್ತರರು ಕಂಬಿ ಹಿಡಿದು ಎದ್ದು ನಿಂತರು. ವರ್ಗದಲ್ಲಿ ಹೇಳುವಂತೆ, ಬಿಡಿಸಿ ಬಿಡಿಸಿ, ತಾವು ಬೀಳಗಿಯ ಯಾವ ಕೇರಿಯವರು, ಯಾರ ಮಗ ಎಂದು ಹೇಳಿ ಕೂತರು. ಅಷ್ಟೇ.

ಗಂಡಸರಿಬ್ಬರೂ ಮುಂದೆ ಹೋಗಿ ನಿಂತರು. ಹೆಂಗಸು ಕೂಸನ್ನು ಭುಜಕ್ಕೆ ಹಾಕಿಕೊಂಡು ಎದ್ದಳು. ಮುಂದೆ ಯಾರೋ ಅವಳಿಗೆ ಜಾಗ ಮಾಡಿಕೊಟ್ಟರು. ಕಂಡಕ್ಟರು ಕಿಟಕಿಯ ಹೊರಗೆ ನೋಡುತ್ತಿದ್ದ. ಜಮಖಂಡಿ ಬರುವ ತನಕ ಹಿಂದಿನ ಎರಡು ಬೆಂಚು ಖಾಲಿ ಇದ್ದವು. ಮಂದಿ ನಿಂತೇ ಬಂದರು. ನನ್ನ ಲೆಕ್ಕದ ಪ್ರಕಾರ ಬೇಕಾದಷ್ಟು ಅಂತರ ಸಿಕ್ಕಿತ್ತು. ನಾನು ಮಾಸ್ತರರ ಮುಖ ನೋಡಲಿಲ್ಲ. ಜಮಖಂಡಿಯಿಂದ ಕುಡಚಿಗೆ ಬೇರೆ ಬಸ್ಸು ಹತ್ತಿದಾಗ ಅವರು ಮತ್ತೆ ಅದನ್ನೇ ಮಾಡಿದರು. ನಾನು ತಡೆಯಲಿಲ್ಲ.

ಬುಧವಾರ ಬೆಳಿಗ್ಗೆ ಸರ್ಜನ್ ಕಿಂಡಿಯನ್ನು ತುಸು ಅಗಲ ಮಾಡಿ ಮೂರನೆಯ ಸೂಜಿ ತೆಗೆದರು. ಒಂದು ಸಣ್ಣ ರಕ್ತನಾಳ ಅದಕ್ಕೆ ಅಂಟಿಕೊಂಡಿತ್ತು. ನಲವತ್ತು ಗಂಟೆ ಹೆಚ್ಚಾಗಿತ್ತು. ಸರ್ಜನ್ ಕೈ ತೊಳೆಯುತ್ತ, “ಎರಡು ತೆಗೆದದ್ದು ತಪ್ಪು. ಮೂರನೆಯದನ್ನು ಬಿಟ್ಟದ್ದು ಸರಿ. ವರದಿ ಬರೆ” ಎಂದರು.

ವರದಿಯನ್ನು ಇಂಗ್ಲಿಷಿನಲ್ಲಿ ಬರೆದೆ. ಮಾಸ್ತರರು ಎದ್ದು ಕೂಡುವಂತಾದಾಗ, ತಮ್ಮ ಬಗ್ಗೆ ಏನು ಬರೆದಿದ್ದೀರಿ, ಓದಿ ಹೇಳಿ ಎಂದರು. ಹಾಸಿಗೆಯ ಪಕ್ಕ ಕೂತು ಕನ್ನಡಕ್ಕೆ ತಿರುಗಿಸುತ್ತ ಓದಿದೆ. ಪ್ರಯಾಣದಲ್ಲಿ ವಹಿಸಿದ ಎಚ್ಚರಿಕೆ ಎಂಬಲ್ಲಿ ಹೀಗಿತ್ತು: “ಇತರ ಪ್ರಯಾಣಿಕರನ್ನು ಸಾಕಷ್ಟು ದೂರದಲ್ಲಿ ಇರಿಸಲಾಯಿತು.”

“ಇರಿಸಲಾಯಿತು ಅಂದ್ರ ಯಾರು ಇರಿಸಿದ್ರು?” ಎಂದರು. “ಈ ವಾಕ್ಯದಾಗ ಕರ್ತೃಪದ ಇಲ್ಲ ನೋಡ್ರಿ.”

ಆ ವಾಕ್ಯ ಹೊಡೆದು ಹಾಕಿ, ಬಸ್ಸಿನಲ್ಲಿ ಆದದ್ದನ್ನು ಆದಂತೆ ನಾಲ್ಕು ಸಾಲಿನಲ್ಲಿ ಬರೆದೆ. ಹಾಸಿಗೆಗೆ ಗೆರೆ ಎಳೆದು ಕಾರಣ ಹೇಳದೆ ಹೋದವನು ನಾನು ಎಂದೂ ಸೇರಿಸಿದೆ. ಸರ್ಜನ್ ಓದಿ, ಇದು ವೈದ್ಯಕೀಯ ವಿಷಯವಲ್ಲ ಎಂದು ಅಷ್ಟನ್ನೂ ಕೆಂಪು ಪೆನ್ಸಿಲಿನಿಂದ ಹೊಡೆದರು. ವರದಿ ಮೊದಲಿನ ವಾಕ್ಯದೊಂದಿಗೇ ಮೇಲಿನವರಿಗೆ ಹೋಯಿತು. ಅವರಿಂದ ಬಂದ ಪ್ರಶ್ನೆ ಒಂದೇ: ರೋಗಿ ಟ್ರಂಕು ಸಹಿತ ಹೊರಗೆ ಹೋಗುವಾಗ ಬಾಗಿಲಲ್ಲಿ ಯಾರಿದ್ದರು?

ಮಾಸ್ತರರು ಬನಹಟ್ಟಿಗೆ ಮರಳಿ ಪಾಠ ಸುರುಮಾಡಿದರು. ಮೂರು ತಿಂಗಳಿಗೊಮ್ಮೆ ತಾವಾಗಿಯೇ ಬಂದು ತೋರಿಸಿಕೊಂಡು ಹೋಗುತ್ತಿದ್ದರು. ಎರಡು ಸಲ ಎಲ್ಲ ಸರಿ ಇತ್ತು. ಮೂರನೆಯ ಸಲ ಎಡಗೈಯಲ್ಲಿ ಸೀಮೆಸುಣ್ಣದ ಕಡ್ಡಿ ಹಿಡಿಸಿ ನೋಡಿದೆ. ಜಾರಿತು. ಕಣ್ಣೊಳಗೆ ನೋಡಿದಾಗ ನರದ ಬುಡದಲ್ಲಿ ಬಾವು ಕಂಡಿತು, ತಲೆಯೊಳಗೆ ಒತ್ತಡ ಏರಿದ ಗುರುತು. ಅದು ಗಡ್ಡೆ ಮರಳಿ ಬೆಳೆದದ್ದರಿಂದಲೋ, ಹೆಚ್ಚಾದ ಆ ನಲವತ್ತು ಗಂಟೆಯ ಸುಡುವಿಕೆಯಿಂದಲೋ, ನಮ್ಮಲ್ಲಿ ಯಾರಿಗೂ ಹೇಳಲಾಗಲಿಲ್ಲ. ಎರಡೂ ಇರಬಹುದೆಂಬುದನ್ನು ಅವರಿಗೆ ಹೇಳಿದೆ.

“ಮತ್ತ ಸೂಜಿ ಹಾಕತೀರೇನ್ರಿ?”

“ಇಲ್ಲ ಮಾಸ್ತರ. ಮತ್ತ ಹಾಕಿದ್ರ ಉಳಿದ ಮೆದುಳು ತಡಿಯೂದಿಲ್ಲ.”

“ಎಷ್ಟು ದಿನ?”

“ದೀಪಾವಳಿ ಮಟಾ ಅಂತೂ ಹೌದು. ಅದರ ಮುಂದ ನನಗ ಹೇಳಾಕ ಬರೂದಿಲ್ಲ.”

ಅವರು ಅಂಗಿಯ ಗುಂಡಿಯನ್ನು ಬಲಗೈಯೊಂದರಿಂದಲೇ ಹಾಕಿಕೊಂಡರು. “ಹಂಗಾದ್ರ ಸಾಲಿ ಮೊದಲನೇ ಸತ್ರ ಮುಗೀತೈತಿ,” ಎಂದರು. “ಎರಡನೇ ಸತ್ರಕ್ಕ ಬ್ಯಾರೆ ಮಾಸ್ತರನ್ನ ಕಳಸ್ರಿ ಅಂತ ಈಗಿಂದನ ಬರದು ಕೇಳಬೇಕು. ಕಚೇರಿಯವರದು ಬಹಳ ತಡಾ.” ಕುಡಚಿಯ ಗಾಡಿಗೆ ಹೊತ್ತಾಯಿತೆಂದು ಎದ್ದರು.

ದೀಪಾವಳಿಯ ಆಚೆಗೂ ಅವರು ಹನ್ನೊಂದು ವಾರ ಇದ್ದರೆಂದು ಹೆಡ್‌ಮಾಸ್ತರರ ಕಾರ್ಡು ಬಂತು. ಬೇರೆ ಮಾಸ್ತರರು ಬಂದಿರಲಿಲ್ಲವಂತೆ. ಕೊನೆಯ ಹತ್ತು ದಿನ ಬಿಟ್ಟು ಉಳಿದಷ್ಟು ದಿನವೂ ನಾಲ್ಕನೇ ಇಯತ್ತೆಯನ್ನು ಅವರೇ ನಡೆಸಿದ್ದರು.